ಪಟ್ಟಿಯಲ್ಲಿ ಹನ್ನೊಂದು ಸಂತೆಗುಳಿ

ಗೆಳೆಯರೇ, ಇವತ್ತು ಕುಮಟಾದ ವಾಲಿಬಾಲ್ ಟೂರ್ನಮೆಂಟಿನಲ್ಲಿ ನನ್ನ ಪ್ರೀತಿಯ ಸಂತೆಗುಳಿ ಊರಿನ ತಂಡವನ್ನು ಆಡಲು ಬಿಡಲಿಲ್ಲ. ಅದಕ್ಕೆ ಕಾರಣ ನಾನೇ.

ತಂಡಗಳು ಹೆಸರು ಕೊಡುವ ವೆಬ್ ಪುಟವನ್ನು ಪಿಎಚ್‌ಪಿಯಲ್ಲಿ ಬರೆದುಕೊಟ್ಟವನು ನಾನು. ಫಾರ್ಮಿನಲ್ಲಿ ತುಂಬಿದ್ದನ್ನು ‘ಗೆಟ್’ ಎಂಬ ವಿಧಾನದಲ್ಲಿ ತೆಗೆದುಕೊಂಡಿದ್ದೆ. ಹಾಗೆ ಮಾಡಿದರೆ ತುಂಬಿದ್ದೆಲ್ಲ ಪುಟದ ವಿಳಾಸದಲ್ಲೇ ಕೂತಿರುತ್ತದೆ. ಆ ವಿಳಾಸವನ್ನು ಯಾರು ತೆರೆದರೂ ತಂಡ ಮತ್ತೊಮ್ಮೆ ಪಟ್ಟಿಗೆ ಸೇರುತ್ತದೆ.

ಸಂತೆಗುಳಿಯ ಕ್ಯಾಪ್ಟನ್ ಮಂಜಣ್ಣ ಹೆಸರು ಕೊಟ್ಟ ಖುಷಿಯಲ್ಲಿ ‘ನಿಮ್ಮ ತಂಡ ಸೇರಿದೆ’ ಎಂಬ ಪುಟದ ವಿಳಾಸವನ್ನು ಹತ್ತು ಹುಡುಗರಿಗೆ ಮೇಲ್ ಮಾಡಿದ್ದಾನೆ. ಹತ್ತೂ ಜನ ಸೈಬರ್ ಕೆಫೆಗೆ ಹೋಗಿ ತೆರೆದು ನೋಡಿದ್ದಾರೆ. ಪಟ್ಟಿಯಲ್ಲಿ ಹನ್ನೊಂದು ಸಂತೆಗುಳಿ! ಯಾರದೋ ಕುಚೇಷ್ಟೆ ಎಂದುಕೊಂಡ ಸಮಿತಿ ಅಷ್ಟನ್ನೂ ಅಳಿಸಿ ಡ್ರಾ ಎತ್ತಿಬಿಟ್ಟಿತ್ತು.

ಬೆಳಿಗ್ಗೆ ಟೆಂಪೋದಿಂದ ಇಳಿದವರನ್ನು ನೋಡಿ ಕಾರ್ಯದರ್ಶಿ ಮೈಕಿನಲ್ಲೇ ಕೇಳಿದರು: “ಎಂತಾ ಮಾರಾಯಾ, ಒಂದೇ ಟೀಮಾ? ಉಳಿದ ಹತ್ತು ಹಿಂದಿನ ಟೆಂಪೋದಲ್ಲಿ ಬರ್ತದ್ಯಾ?”

ಮೈದಾನವೆಲ್ಲ ನಕ್ಕಿತು.

ಮಂಜಣ್ಣ ನನ್ನ ಹತ್ತಿರ ಬಂದ. “ತಮಾ, ನಮ್ಮ ಹೆಸ್ರು ನಾವು ನೋಡಿದ್ದೇ ತಪ್ಪಾತಾ?”

ತಪ್ಪು ನನ್ನದು ಎನ್ನಬೇಕಿತ್ತು. “ಸರ್ವರ್ ಪ್ರಾಬ್ಲಂ ಅಣ್ಣಾ” ಎಂದೆ. “ಹಾಳಾದ ಸರ್ವರ್” ಎಂದು ಬೈದು, ನನ್ನ ಬೆನ್ನು ತಟ್ಟಿ ಟೆಂಪೋ ಹತ್ತಿದ.

‘ಗೆಟ್ ತೆಗೆದು ಪೋಸ್ಟ್ ಹಾಕು’ ಎಂದು ಇದೇ ಮೇಲ್ ಗುಂಪಿನಲ್ಲಿ ನೀವು ಹೇಳಿದ್ದಿರಿ. ಪೋಸ್ಟ್ ಹಾಕಿದರೆ ತುಂಬಿದ್ದು ವಿಳಾಸದಲ್ಲಿ ಕೂರುವುದಿಲ್ಲ. ‘ನಡೀತಾ ಇದ್ಯಲ್ಲಾ’ ಎಂದು ನಾನು ಸ್ಮೈಲಿ ಹಾಕಿದ್ದೆ. ಈಗಷ್ಟೇ ಬದಲಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಪುಟ ಈಗ ಬಹಳ ಚೆನ್ನಾಗಿ ನಡೆಯುತ್ತಿದೆ, ಟೂರ್ನಮೆಂಟ್ ಮುಗಿದಿದೆ.