ಕಮಲಾವತಿಯ ಮೂಗು

ಮಂಡೆಕೋಲಿನ ಕಮಲಾವತಿಗೆ ಯಾರ ಮೇಲೂ ನಂಬಿಕೆ ಇಲ್ಲ. ಅಂಗಡಿಯ ತೊಗರಿಬೇಳೆಯನ್ನು ಮೂಸದೆ ಚೀಲಕ್ಕೆ ಹಾಕಿಸಿಕೊಂಡವಳಲ್ಲ. ಗಂಡ ಮಾಯಿಲಪ್ಪ ಪೇಟೆಯಿಂದ ಬಂದರೆ ಅವನ ಅಂಗಿ ಮೂಸಿದ ಮೇಲೆಯೇ ಊಟ. ತನ್ನ ಮೂಗು ಒಮ್ಮೆಯೂ ತಪ್ಪಿದ್ದಿಲ್ಲ ಎಂಬ ಜಂಬ ಬೇರೆ.

ಮಗಳು ಪ್ರಣೀತಾ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಬಿಟ್ಟು ಬೇರೇನೂ ಕಾಣದ ಕೂಸಿನ ಮಲದಲ್ಲಿ ರಕ್ತದ ಎಳೆ ಕಂಡಾಗ ಮನೆಯವರ ಜೀವ ಬಾಯಿಗೆ ಬಂತು. ದರ್ಬೆ ಪೇಟೆಯ ಮಕ್ಕಳ ಡಾಕ್ಟರು ನೋಡಿ, "ದನದ ಹಾಲು ಮಗುವಿಗೆ ಆಗುದಿಲ್ಲ ಅಂತ ಕಾಣ್ತದೆ. ತಾಯಿ ಕುಡಿದದ್ದು ಎದೆಹಾಲಿನಲ್ಲಿ ಹೋಗ್ತದೆ. ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟು ನೋಡುವ" ಎಂದರು.

"ರಕ್ತ ಪರೀಕ್ಷೆ ಮಾಡುದಿಲ್ವಾ?" ಕಮಲಾವತಿ ಕೇಳಿದಳು.

"ಇದು ಅದರಲ್ಲಿ ಸಿಕ್ಕುದಿಲ್ಲ. ಬಿಟ್ಟೇ ನೋಡ್ಬೇಕು."

ಪರೀಕ್ಷೆಗೆ ಸಿಕ್ಕದ ಕಾಯಿಲೆ ಎಂಥದ್ದು! ಅವಳಿಗೆ ಡಾಕ್ಟರ ಮೇಲೆಯೇ ಗುಮಾನಿ. ಆದರೂ ಕೂಸಿನ ವಿಷಯ. ಹಾಲು ಮಗಳ ಹತ್ತಿರ ಸುಳಿಯದಂತೆ ಕಾವಲು ಕೂತಳು. ವಾರಗಳು ಕಳೆದರೂ ರಕ್ತ ನಿಲ್ಲಲಿಲ್ಲ, ಕೂಸು ಸೊರಗಿತು. ಹಾಗಾದರೆ ಮಗಳೇ ಕದ್ದು ಕುಡಿಯುತ್ತಿರಬೇಕು! ಅವಳ ಲೋಟ ಮೂಸಿದಳು, ಬಾಯಿಯನ್ನೂ ಮೂಸಿದಳು.

"ನಿಜ ಹೇಳು, ಚಾಕ್ಕೆ ಹಾಲು ಹಾಕ್ತಿದ್ದಿಯಲ್ಲ?"

"ನನ್ನ ಮಗುವನ್ನು ನಾನೇ ಕೊಲ್ತೇನಾ ಅವ್ವ?" ಪ್ರಣೀತಾ ಅತ್ತುಬಿಟ್ಟಳು. ಕಮಲಾವತಿ ಕರಗಲಿಲ್ಲ.

ಮತ್ತೆ ದರ್ಬೆ. ಬೆಳಿಗ್ಗೆಯಿಂದ ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ಗಂಜಿ, ಪಲ್ಯ, ಹಾಲಿಲ್ಲದ ಕಣ್ಣ ಚಾ, ಅವ್ವನ ಬಾಣಂತಿ ಲೇಹ್ಯ ಎಂದಳು ಪ್ರಣೀತಾ.

"ಲೇಹ್ಯಕ್ಕೆ ಎಂತ ಹಾಕ್ತೀರಿ?"

ಕಮಲಾವತಿ ಬೀಗಿದಳು. "ಅಂಗಡಿಯದ್ದಲ್ಲ ಡಾಕ್ಟ್ರೆ, ನಾನೇ ಮಾಡಿದ್ದು. ನೀವು ಹೇಳಿದ ಮೇಲೆ ತುಪ್ಪ ಕೂಡ ಮುಟ್ಟಿಸ್ಲಿಲ್ಲ, ಎಳ್ಳೆಣ್ಣೆಯಲ್ಲೇ ಕಾಸಿದೆ. ಅಶ್ವಗಂಧದ ಬೇರನ್ನು ಮಾತ್ರ ಹಾಗೇ ಹಾಕ್ಲಿಕ್ಕಾಗ್ತದಾ? ನಮ್ಮದೇ ದನದ ಹಾಲಿನಲ್ಲಿ ಬೇಯಿಸಿ, ಒಣಗಿಸಿ, ಪುಡಿ ಮಾಡಿ..."

ಮದ್ದನ್ನು ಶುದ್ಧಿ ಮಾಡುವ ಹಾಲನ್ನು ಅವಳು ಎಂದೂ ಹಾಲಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನಾ ನೆಲ್ಲಿಕಾಯಿ ಗಾತ್ರದ ಲೇಹ್ಯವನ್ನು ಮಗಳ ಬಾಯಿಗೆ ಇಟ್ಟದ್ದು ಅವಳದೇ ಕೈ.

ಲೇಹ್ಯ ನಿಂತಿತು, ನಿಧಾನಕ್ಕೆ ರಕ್ತವೂ ನಿಂತಿತು. ಖಾತ್ರಿಗೆಂದು ಡಾಕ್ಟರು ಹೇಳಿದಂತೆ ಪ್ರಣೀತಾ ಮತ್ತೆ ಹಾಲು ಕುಡಿದಾಗ ಎಳೆ ಮರಳಿತು; ಬಿಟ್ಟಾಗ ಹೋಯಿತು. ಇನ್ನು ಸಂಶಯಕ್ಕೆ ಜಾಗವಿರಲಿಲ್ಲ.

ಅವ್ವ ತನ್ನ ಮೇಲೆ ಸಂಶಯಪಟ್ಟ ಮಾತನ್ನು ಪ್ರಣೀತಾ ಎತ್ತಲೇ ಇಲ್ಲ. ಅದೇ ಕಮಲಾವತಿಗೆ ಹೆಚ್ಚು ಚುಚ್ಚಿತು. ಈಗಲೂ ಅವಳು ಕಂಡದ್ದನ್ನೆಲ್ಲ ಮೂಸುತ್ತಾಳೆ. ಮಗಳಿಗೆ ಬಡಿಸುವ ಮೊದಲು ಮಾತ್ರ ತನ್ನ ಕೈಯನ್ನೇ ಮೂಸಿಕೊಳ್ಳುತ್ತಾಳೆ.