ಲಗ್ನಪತ್ರಿಕೆಯ ಕಿಟಕಿ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಹೆಡ್‌ಮಾಸ್ಟರು. ಆಮೇಲೆ ಹೇಳಿದವಳು ಆ ಹುಡುಗಿಯ ಸ್ವಂತ ಅಜ್ಜಿ. ಒಂಬತ್ತನೇ ಕ್ಲಾಸಿನ ಆ ಹುಡುಗಿ ಎಸ್ಸೆಲ್ಸಿ ಪಾಸಾಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು.

"ಗೊಡ್ಡು ಎಮ್ಮೆ ಕೆಳಗೆ ಚೊಂಬು ಹಿಡ್ಕೊಂಡು ಕೂತಿದೀರಿ ಮೇಡಂ," ಎಂದರು ಹೆಡ್‌ಮಾಸ್ಟರು, ಸ್ಟಾಫ್‌ರೂಮಿನಲ್ಲಿ ಟೀ ಆರಿಸಿಕೊಳ್ಳುತ್ತ. "ಒಂಬತ್ತರಲ್ಲೇ ನಿಲ್ಲಿಸೋಣ. ಹತ್ತಕ್ಕೆ ಬಿಟ್ರೆ ನಮ್ಮ ರಿಸಲ್ಟು ಬೀಳುತ್ತೆ."

ಅವರು ಕೆಟ್ಟವರಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ಶಾಲೆಯ ಮಾನವೆಲ್ಲ ಹತ್ತನೇ ಕ್ಲಾಸಿನ ರಿಸಲ್ಟಿನಲ್ಲಿತ್ತು. ಓದಲು ಬಾರದ ಮಕ್ಕಳನ್ನು ಒಂಬತ್ತರಲ್ಲೇ ಹಿಡಿದಿಟ್ಟರೆ ಅವರು ತಾವಾಗಿಯೇ ಶಾಲೆ ಬಿಡುತ್ತಿದ್ದರು. ಯಾರೂ ಯಾರನ್ನೂ ಹೊರಗೆ ಹಾಕಿದಂತೆ ಕಾಣುತ್ತಿರಲಿಲ್ಲ.

ನಾನು ಕಳಲೆ ಕಡೆಯವಳು. ನಮ್ಮಪ್ಪ ಹೆಬ್ಬೆಟ್ಟು, ಅವ್ವನೂ ಅಷ್ಟೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಕೈಯ ವಾಸನೆ ಹೋಗುವ ಮೊದಲೇ ನಂಜನಗೂಡಿನ ಕಾಲೇಜಿನಲ್ಲಿ ಕೂತು ಬಿ.ಎ. ಮಾಡಿದೆ, ಆಮೇಲೆ ಮೈಸೂರಿನಲ್ಲಿ ಬಿ.ಎಡ್. ನಮ್ಮ ಮನೆಯೊಳಕ್ಕೆ ಡಿಗ್ರಿ ಎನ್ನುವುದನ್ನು ಮೊದಲು ತಂದವಳು ನಾನು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಹಾಗಾಗಿ ಒಂದು ಮಗುವನ್ನು ತೋರಿಸಿ "ಇದಕ್ಕೆ ಬರುವುದಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಒಳಗೆ ಎಲ್ಲೋ ಚುರ್ ಎನ್ನುತ್ತದೆ.

ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ದಿನಾ ಅರ್ಧ ನಿದ್ದೆಯಲ್ಲಿರುತ್ತಿದ್ದೆ. ಕಪಿಲೆಯ ಮೇಲಿನಿಂದ ಎದ್ದ ಮಂಜು ಬಾಳೆತೋಟಗಳ ಒಳಗೆ ನುಗ್ಗಿ ಅಲ್ಲೇ ಮಲಗಿರುತ್ತಿತ್ತು. ಗಿಡಗಳ ಬುಡ ಕಾಣದೆ ಬರೀ ಎಲೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಒಂದೊಂದು ಸಲ ಊರುಗಳೂ ಹಾಗೆಯೇ, ಮನೆಗಳ ಸೂರು ಮಾತ್ರ ಇರುವ ಊರುಗಳು. ಆ ದಾರಿಯನ್ನು ನೆನೆದರೆ ಆ ವರ್ಷ ಪೂರ್ತಿ ಒಂದೇ ಬೆಳಗಿನಂತೆ ಕಾಣುತ್ತದೆ.

ಹುಡುಗಿ ದಡ್ಡಿಯಲ್ಲ. ನಾನು ಪಾಠವನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಮಾರನೆಯ ದಿನ ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದಳು. ಅದೇ ಪುಸ್ತಕವನ್ನು ಕೈಗೆ ಕೊಟ್ಟರೆ ಕುತ್ತಿಗೆ ಬೆವರುತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಕೇಳಿದೆ, ಪುಟ ನೋಡಿದಾಗ ನಿನಗೆ ಏನು ಕಾಣುತ್ತೆ ಎಂದು.

"ಅಕ್ಸರ ನಿಲ್ಲಲ್ಲ ಮಿಸ್," ಎಂದಳು. "ಒಳೇಲಿ ಮೀನ್ ಮರಿ ಓಯ್ತವಲ್ಲ, ಅಂಗೆ. ಒಂದ್ನ ಇಡ್ಕೊಳಕ್ಕೋದ್ರೆ ಎಲ್ಲಾ ಚದರೋಯ್ತವೆ."

ಬಿ.ಎಡ್.ನಲ್ಲಿ ಇದರ ಬಗ್ಗೆ ಅರ್ಧ ಪುಟವಿತ್ತು. ಮಿಕ್ಕಿದ್ದನ್ನು ನಾನೇ ಹುಡುಕಿಕೊಳ್ಳಬೇಕಾಯಿತು. ಸಗಣಿ ಸಾರಿಸಿದ ಮೊರದಲ್ಲಿ ಹೊಳೆಯ ಮರಳು ಹರಡಿ ಬೆರಳಲ್ಲಿ ಬರೆಸಿದೆ. ಕಣ್ಣು ತಪ್ಪಿಸುವ ಅಕ್ಷರವನ್ನು ಬೆರಳು ನೆನಪಿಡುತ್ತದೆ. ಉದ್ದದ ಪ್ರಶ್ನೆಯನ್ನು ತುಂಡು ಮಾಡಿ ಒಂದೊಂದಾಗಿ ಕೇಳಿದೆ. ಆಮೇಲೆ ದಪ್ಪ ರಟ್ಟಿನಲ್ಲಿ ಒಂದು ಸಾಲಿನಷ್ಟೇ ಅಗಲದ ಕಿಂಡಿ ಕೊರೆದು ಪುಟದ ಮೇಲಿಟ್ಟೆ. ಮೇಲಿನ ಸಾಲೂ ಇಲ್ಲ, ಕೆಳಗಿನದೂ ಇಲ್ಲ. ಅಂದು ಅವಳು ಒಂದು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ ಮುಗಿಸಿ ರಟ್ಟಿನ ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದಳು.

"ಎಲ್ಲರೂ ಮನೆಯಿಂದ ಹೀಗೆ ಕಿಂಡಿ ಕೊರೆದ ಒಂದೊಂದು ರಟ್ಟು ತನ್ನಿ," ಎಂದೆ ಕ್ಲಾಸಿಗೆ. ಅವಳೊಬ್ಬಳಿಗೇ ಕೊಟ್ಟರೆ ಅದೇ ಅವಳಿಗೆ ಅಡ್ಡಹೆಸರಾಗುತ್ತದೆಂದು ಗೊತ್ತಿತ್ತು.

ಮಾರನೆಯ ದಿನ ಅವಳು ತಂದ ರಟ್ಟು ಗುಲಾಬಿ ಬಣ್ಣದ್ದು, ಅಂಚಿನಲ್ಲಿ ಚಿನ್ನದ ಬಳ್ಳಿ, ನಡುವೆ ನೀಟಾಗಿ ಕೊರೆದ ಕಿಂಡಿ. ಹಿಂದಿನ ಬೆಂಚಿನವನೊಬ್ಬ ಬಿಟ್ಟಾನೆಯೇ?

"ಯಾರ್ ಮದ್ವೆ ಮಿಸ್? ನಮ್ಗೂ ಒಂದ್ ಕಾರ್ಡ್ ಕೊಡ್ಸಿ, ಊಟಕ್ಕೆ ಬತ್ತೀವಿ."

"ನಿಂದೇ ಮದ್ವೆ ಕಣೋ," ಎಂದಳು ಹುಡುಗಿ. "ಬೀಜಗಣಿತದ್ ಜೊತೆ."

ಕ್ಲಾಸು ನಕ್ಕಿತು, ನಾನೂ ನಕ್ಕೆ. ಅದರ ಮರುದಿನ ಅವಳು ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಶನಿವಾರ ಅವಳ ಊರಿಗೆ ಹೋದೆ. ಅಪ್ಪ ಅವ್ವ ತೋಟದಲ್ಲಿದ್ದರು. ಆ ಮನೆಯಲ್ಲಿ ತೀರ್ಮಾನವೆಲ್ಲ ಅಜ್ಜಿಯದು. ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಮೊಮ್ಮಗಳು ಬಾಗಿಲ ಒಳಗೆ ನಿಂತಿದ್ದಳು.

"ಬಾರವ್ವ ಟೀಚರಮ್ಮ, ಕೂತ್ಕೊ. ಕಾಪಿ ಕುಡ್ದು ಓಗು. ಕೂಸ್ನ ಕಳ್ಸು ಅಂತ ಮಾತ್ರ ಕೇಳ್ಬ್ಯಾಡ."

"ಯಾಕಜ್ಜಿ?"

"ನನ್ ಮಗಳ, ಅದೇ ಇವ್ಳ ಸೋದರತ್ತೆ ಲಗ್ನಪತ್ರಿಕೆಗೆ ಕತ್ರಿ ಆಕವ್ಳೆ. ಮೂಲೇಗೆ ಅರಿಸ್ನ ಅಚ್ಚಿ ದ್ಯಾವ್ರ ಗೂಡ್ನಲ್ಲಿ ಮಡಗಿದ್ದೆ. ಇವ್ಳ ಅಕ್ಸರಕ್ಕೆ ನನ್ ಮಗಳ ಬಾಳು ಕೊರೀಬೇಕಾ? ನಮ್ ವಂಸ್ದಲ್ಲೇ ಅಕ್ಸರ ಇಲ್ಲ ಕಣವ್ವ. ನಾಲ್ಗೆ ತಿರುಗ್ಲಿ ಅಂತ ಬಜೆ ತೇದ್ ತಿಕ್ಕಿವ್ನಿ, ಅರಕೆ ಒತ್ತಿವ್ನಿ. ಆಗದ್ದು ಆಗಲ್ಲ. ಎತ್ಲಾಗಾರ ಕೂಲಿಗೋಯ್ತಾಳೆ ಬುಡು."

ನಮ್ಮವ್ವನಿದ್ದಿದ್ದರೂ ಇದೇ ಮಾತು ಆಡುತ್ತಿದ್ದಳು. ಅರಿಸಿನ ಹಚ್ಚಿದ ಪತ್ರಿಕೆಯನ್ನು ನಮ್ಮ ಕಡೆ ಹರಿಯುವುದೂ ಇಲ್ಲ, ಸುಡುವುದೂ ಇಲ್ಲ. ಹುಡುಗಿಗೆ ಮನೆಯಲ್ಲಿ ಸಿಕ್ಕ ಗಟ್ಟಿ ರಟ್ಟು ಅದೊಂದೇ. ನಾನು ವಾದ ಮಾಡಲಿಲ್ಲ. ಮಡಿಲಿಗೆ ಒಂದಿಷ್ಟು ಅವರೆಕಾಯಿ ಹಾಕಿಕೊಂಡು ಸುಲಿಯತೊಡಗಿದೆ. ಸುತ್ತಿನ ಮದುವೆಗಳಲ್ಲಿ ಸೋಬಾನೆ ಎತ್ತುವವಳು ಈ ಅಜ್ಜಿಯೇ ಎಂದು ಮಕ್ಕಳಿಂದ ಕೇಳಿದ್ದೆ.

"ಅಜ್ಜಿ, ಸೋಬಾನೆ ಹೇಳುವಾಗ ಇಡೀ ಪದ ಒಂದೇ ಸಲಕ್ಕೆ ಎಲ್ಲರೂ ಹೇಳಿಬಿಡ್ತೀರಾ?"

"ಅದೆಂಗಾದಾತು? ಒಂದ್ ಸೊಲ್ಲು ನಾನೇಳ್ತೀನಿ. ಮಿಕ್ಕೋರು ಎತ್ಕೋತಾರೆ. ಆಮ್ಯಾಕೆ ಇನ್ನೊಂದ್ ಸೊಲ್ಲು."

"ಎಲ್ಲಾ ಸೊಲ್ಲೂ ಒಟ್ಟಿಗೆ ಕೂಗಿದ್ರೆ?"

"ಸಂತೆ ಆಯ್ತದೆ."

"ಇವಳಿಗೆ ಪುಸ್ತಕದ ಪುಟ ಹಂಗೆ ಅಜ್ಜಿ. ಎಲ್ಲಾ ಸೊಲ್ಲೂ ಒಟ್ಟಿಗೆ ಕೂಗ್ತವೆ. ಆ ಕಿಂಡಿ ಒಂದೊಂದೇ ಸೊಲ್ಲು ಬಿಡುತ್ತೆ. ಕೇಡು ಬಗೆದು ಕೊರೆದದ್ದಲ್ಲ."

ಅಜ್ಜಿಯ ಕೈ ನಿಂತಿತು. ನಾನು ಚೀಲದಿಂದ ಪುಸ್ತಕವನ್ನೂ ಸೋಪಿನ ಡಬ್ಬಿಯ ರಟ್ಟಿನಲ್ಲಿ ಕೊರೆದ ಇನ್ನೊಂದು ಕಿಂಡಿಯನ್ನೂ ತೆಗೆದೆ. ಹುಡುಗಿ ಹೊಸ್ತಿಲ ಮೇಲೆ ಕೂತು ಓದಿದಳು. ಒಂದು ಸಾಲು, ಮೌನ, ರಟ್ಟು ಕೆಳಕ್ಕೆ, ಇನ್ನೊಂದು ಸಾಲು. ಬಿಸಿಲು ಹೆಂಚಿನ ಸಂದಿಯಿಂದ ಇಳಿದು ಅವಳ ಕಾಲ ಬಳಿ ಕೂತಿತ್ತು. ಅವಳು ಓದುತ್ತಿದ್ದಂತೆ ನನಗೆ ಬೇರೊಂದು ದನಿ ಕೇಳಿಸಿತು. ಅಜ್ಜಿ ಪ್ರತಿ ಸಾಲಿನ ಕೊನೆಯನ್ನು ಮೆಲ್ಲಗೆ ಎತ್ತಿಕೊಳ್ಳುತ್ತಿದ್ದಳು, ಚಪ್ಪರದ ಕೆಳಗೆ ಕೂತವಳ ಹಾಗೆ. ಅದು ಮಣ್ಣಿನ ಸವಕಳಿಯ ಪಾಠ.

"ಸೋಮ್ವಾರ ಕಳ್ಸ್ತೀನಿ," ಎಂದಳು ಕೊನೆಗೆ. "ಇನ್ಮ್ಯಾಕೆ ಸೋಪಿನ್ ಡಬ್ಬೀನೇ ಕೊರ್ಕೊಳ್ಲಿ."

ಅಲ್ಲಿಂದಾಚೆ ನನ್ನ ಕ್ಲಾಸು ಸೋಬಾನೆಯ ಕ್ಲಾಸಾಯಿತು. ಒಂದು ಕಡೆಯವರು ಸಾಲು ಹೇಳುವುದು, ಇನ್ನೊಂದು ಕಡೆಯವರು ಎತ್ತಿಕೊಳ್ಳುವುದು. ಬೇರೆ ಮೂಲೆಗಳಿಂದಲೂ ಬಾಯಿ ಬಿಡದಿದ್ದವರು ಬಾಯಿ ಬಿಟ್ಟರು. ಮಧ್ಯಾಹ್ನದ ಮಂಪರಿನಲ್ಲಿ ಆ ದನಿ ಏರಿ ಇಳಿಯುವಾಗ ಶಾಲೆಯೇ ನೀರಿನ ಮೇಲೆ ತೂಗಿದಂತೆ ಇರುತ್ತಿತ್ತು. ಹೆಡ್‌ಮಾಸ್ಟರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಅವಳಿಗೆ ತಾವೇ ಪ್ರಶ್ನೆ ಹಾಕಿದರು. ಅವಳು ಎಲ್ಲದಕ್ಕೂ ಉತ್ತರ ಹೇಳಿದಳು.

"ಬಾಯಲ್ಲಿ ಹೇಳಿದ್ರೆ ಬೋರ್ಡು ಮಾರ್ಕ್ಸ್ ಕೊಡುತ್ತಾ ಮೇಡಂ?"

"ಹತ್ತಕ್ಕೆ ಬಿಡಿ ಸಾರ್. ಬರೆಸೋದು ನನಗಿರಲಿ."

"ಬಿದ್ರೆ ಮೀಟಿಂಗ್‌ನಲ್ಲಿ ನಿಮ್ಮ ಹೆಸರೇ ಹೇಳ್ತೀನಿ."

"ಹೇಳಿ."

ಅವಳು ಹತ್ತಕ್ಕೆ ಬಂದ ಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಅರ್ಧ ದಿನ ಕೂರಿಸಿಕೊಂಡು ಪರೀಕ್ಷಿಸಿ, ಬುದ್ಧಿಗೇನೂ ಕಮ್ಮಿಯಿಲ್ಲ, ಓದುವುದರಲ್ಲಿ ಮಾತ್ರ ತೊಡಕು ಎಂದು ಬರೆದುಕೊಟ್ಟರು. ಅದರ ಮೇಲೆ ಬೋರ್ಡು ಪರೀಕ್ಷೆಗೆ ಹೆಚ್ಚಿನ ಸಮಯ ಕೊಟ್ಟಿತು. ಜೊತೆಗೆ ಬಂದಿದ್ದ ಅಜ್ಜಿ "ಬುದ್ಧಿಗೇನೂ ಕಮ್ಮಿಯಿಲ್ಲ" ಎನ್ನುವುದನ್ನು ಡಾಕ್ಟರ ಬಾಯಲ್ಲಿ ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದಳು.

ಪರೀಕ್ಷೆ ನರಸೀಪುರದಲ್ಲಿ. ಕನ್ನಡ ಪೇಪರಿನ ದಿನ ನಾನೂ ಅಜ್ಜಿಯೂ ಹೊಂಗೆ ಮರದ ಕೆಳಗೆ ಕೂತಿದ್ದೆವು. ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೊಳೆ ಒಡೆದಂತೆ ಹೊರಬಂದು, ಚದುರಿ, ಮರೆಯಾದರು. ಅಂಗಳ ಖಾಲಿಯಾಯಿತು. ಎರಡು ನದಿ ಕೂಡುವ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಎಲೆಯ ನೆರಳು ಅಜ್ಜಿಯ ಸೆರಗಿನ ಮೇಲೆ ಅಲ್ಲಾಡುತ್ತಿತ್ತು.

"ಎಲ್ರೂ ಬಂದ್ರು. ಇವ್ಳಿನ್ನೂ ಬರೀತಾವ್ಳಾ?"

"ಬರೀತಾ ಇದಾಳೆ ಅಜ್ಜಿ."

"ಬರೀಲಿ," ಎಂದಳು. ಎಲೆಯಡಿಕೆ ಚೀಲ ಬಿಚ್ಚಿ ನನಗೂ ಒಂದು ಎಲೆ ಕೊಟ್ಟಳು.

ಪಾಸಾದಳು. ಫಸ್ಟ್ ಕ್ಲಾಸಲ್ಲ, ಪಾಸು. ಮಾರ್ಕ್ಸ್ ಕಾರ್ಡು ಬಂದ ದಿನ ಹೆಡ್‌ಮಾಸ್ಟರು ಎದ್ದು ನಿಂತೇ ಕೊಟ್ಟರು, ಎರಡೂ ಕೈಯಲ್ಲಿ. ಅಜ್ಜಿ ಅದನ್ನು ಮುಟ್ಟಲಿಲ್ಲ. ಕೈ ಬೆವೆತಿದೆ ಎಂದಳು.

"ಏನ್ ಬರ್ದವ್ರೆ, ನೀನೇ ಓದು. ಕೇಳಾನ."

ಹುಡುಗಿ ಬೆರಳಿಟ್ಟು ತನ್ನ ಹೆಸರಿನಿಂದ ಶುರುಮಾಡಿದಳು. ಒಂದೊಂದು ಅಕ್ಷರಕ್ಕೂ ನಿಂತು, ಅದು ನಿಂತಿದೆಯೆಂದು ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಅಪ್ಪನ ಹೆಸರಿಗೆ ಬರುವಷ್ಟರಲ್ಲಿ ರಸ್ತೆಯಲ್ಲಿ ಅವರ ಊರಿನ ಬಸ್ಸು ಹಾರನ್ ಹೊಡೆಯಿತು. ಹುಡುಗಿ ಗಾಬರಿಯಿಂದ ಬಾಗಿಲ ಕಡೆ ನೋಡಿದಳು.

ಅಜ್ಜಿ ಬೆಂಚಿನ ಮೇಲೆ ಕಾಲು ಮಡಚಿ ಕೂತಳು.

"ನಿದಾನಕ್ಕೆ ಓದವ್ವ. ಇನ್ನೊಂದ್ ಬಸ್ ಬತ್ತದೆ."