ಎಚ್‌ಡಿ ಟಿವಿ ಬಂದ ಬೇಸಿಗೆ

ಆಗ ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಟಿವಿಗೂ ಬೆನ್ನ ಮೇಲೊಂದು ಗೂನು ಇರುತ್ತಿತ್ತು. ಗೂನಿನ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು. ವಿಜಾಪುರದ ಅಂಗಡಿಗಳಿಗೆ ಗೋಡೆಗೆ ತೂಗುವ ತೆಳು ಟಿವಿ ಬಂದಿದೆ, ಎಚ್‌ಡಿ ಅಂತೆ, ಆಟಗಾರನ ಹಣೆಯ ಬೆವರೂ ಕಾಣುತ್ತದಂತೆ ಎಂದು ಅಣ್ಣ ಶಿವು ಕಾಲೇಜಿನಿಂದ ಸುದ್ದಿ ತಂದ. ನಾನಾಗ ಆರನೇ ಇಯತ್ತೆಯ ಹುಡುಗಿ.

ಅಪ್ಪನದು ನಿಂಬೆಹಣ್ಣಿನ ವ್ಯಾಪಾರ. ಬೇಸಿಗೆಯಲ್ಲಿ ಪಡಸಾಲೆಯ ಅರ್ಧ ಜಾಗ ಹಣ್ಣಿನ ರಾಶಿಗೇ ಹೋಗುತ್ತಿತ್ತು. ತಿನ್ನುವ ರೊಟ್ಟಿಗೂ, ಹೊದೆಯುವ ಕೌದಿಗೂ ಅದರದೇ ವಾಸನೆ. ಹೊಸ ವಸ್ತು ಎಂದರೆ ಅಪ್ಪನಿಗೆ ಅನುಮಾನ.

"ಕೇಬಲ್‌ನ್ಯಾಗ ಎಚ್‌ಡಿ ಬರೂದss ಇಲ್ಲ. ಎರಡು ವರ್ಷ ತಡೀರಿ, ಎಲ್ಲಾರೂ ತಗೊಂಡ ಮ್ಯಾಲೆ ನಾವೂ ತಗೊಳ್ಳೂಣು" ಎಂದ.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದವಳು ಅಪ್ಪನ ತಾಯಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಒಂದು ಸಂಜೆ ಧಾರಾವಾಹಿ ನೋಡುತ್ತ ಆಯಿ, "ಈ ಟಿವಿ ಮಸಕ ಆಗೇತಿ. ಯಾರ ಮಾರಿ ಯಾವದು ತಿಳೀವಲ್ದು" ಎಂದಳು.

ಶಿವು ಆ ಮಾತನ್ನು ಹಿಡಿದುಕೊಂಡ. "ನೋಡಪಾ, ಆಯಿಗೇ ಕಾಣವಲ್ದಂತ."

ತಾಯಿಯ ಹೆಸರು ಬಂದರೆ ಅಪ್ಪನ ವಾದ ಅರ್ಧಕ್ಕೇ ನಿಲ್ಲುತ್ತಿತ್ತು.

ರಜೆಯ ಮಧ್ಯಾಹ್ನಗಳಲ್ಲಿ ನಾನೂ ಆಯಿಯೂ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಚೌಕಾಬಾರಾ ಆಡುತ್ತಿದ್ದೆವು. ಪಕ್ಕದಲ್ಲಿ ಹುರಿದ ಶೇಂಗಾ, ಬೆಲ್ಲ. ಆ ವರ್ಷ ಆಯಿ ಕವಡಿ ಉರುಳಿಸಿ, "ಎಷ್ಟು ಬಿತ್ತು?" ಎಂದು ಕೇಳತೊಡಗಿದಳು. ನಾಲ್ಕು ಬಿದ್ದಾಗ ಒಮ್ಮೆ ಎರಡು ಎಂದೆ. ಅವಳು ಎರಡೇ ಮನೆ ನಡೆಸಿದಳು. ಮರುದಿನ ನನಗೆ ಬಿದ್ದ ಒಂದನ್ನು ಎಂಟು ಎಂದೆ. ಅದಕ್ಕೂ ಹೂಂ ಎಂದಳು. ಕಾಯಿ ಇಡುವಾಗ ಅವಳ ಕೈ ಎಡಗಡೆಯ ಮನೆಗಳನ್ನು ದಾಟಿ ಹೋಗುತ್ತಿತ್ತು.

ಶಿವುಗೆ ಹೇಳಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಈಗ ಅಪ್ಪಗ ಹೇಳಬ್ಯಾಡ. ಕಣ್ಣಿಂದು ಅಂದ್ರ ಟಿವಿ ಬರೂದಿಲ್ಲ. ಬಂದ ಮ್ಯಾಲೆ ಹೇಳೂಣು."

ನಾನು ಹೇಳಲಿಲ್ಲ. ಟಿವಿಯ ಆಸೆ ನನಗೂ ಇತ್ತು. ಆಟದಲ್ಲಿ ದಿನಾ ಗೆಲ್ಲುವ ಆಸೆ ಅದಕ್ಕಿಂತ ಹೆಚ್ಚಿತ್ತು.

ತಿಂಗಳೊಪ್ಪತ್ತಿನಲ್ಲಿ ಟಿವಿ ಬಂತು. ಅಪ್ಪ ಹೇಳಿದ್ದೇ ನಿಜವಾಯಿತು. ಕೇಬಲ್ ಹಚ್ಚಿದರೆ ಎಲ್ಲರ ಮುಖಗಳೂ ಅಗಲವಾಗಿ, ನೀರಲ್ಲಿ ಕದಡಿದಂತೆ ಕಂಡವು. ಆಯಿ, "ಇದೂ ಮಸಕss ಐತಿ" ಎಂದಾಗ ಯಾರಿಗೂ ಬೇರೆ ಯೋಚನೆ ಬರಲಿಲ್ಲ. ನಮಗೂ ಹಾಗೇ ಕಾಣುತ್ತಿತ್ತಲ್ಲ. ಎಚ್‌ಡಿ ಡಬ್ಬಿ ಬಂದರೆ ಸರಿಹೋಗುತ್ತದೆ ಎಂದ ಶಿವು. ಡಬ್ಬಿ ಬರಲು ಮತ್ತೆ ಹದಿನೈದು ದಿನ.

ಅದನ್ನು ಕೂಡಿಸಲು ಬಂದವರು ಓಣಿಯ ಟಿವಿ ರಿಪೇರಿಯ ರಸೂಲ್ ಕಾಕಾ. ಗುಂಡಿ ಒತ್ತಿದ ಕೂಡಲೇ ಮೈದಾನದ ಹುಲ್ಲು ಎಸಳೆಸಳಾಗಿ ಕಂಡಿತು. ಅವ್ವ ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಬಂದು ನಿಂತಳು.

"ಈಗ ಹೆಂಗ ಕಾಣತೈತ್ರಿ ಆಯಿ?" ಎಂದರು ಕಾಕಾ.

"ನನಗ ಅಷ್ಟss ಐತಿ, ರಸೂಲ್."

ಕಾಕಾ ಟಿವಿ ಆರಿಸಿದರು. ಆಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ನನ್ನ ಮೂಗss ನೋಡ್ರಿ, ಕೈ ಕಂಡ ಕೂಡಲೆ ಹೇಳ್ರಿ" ಎಂದು ತಮ್ಮ ಕೈಯನ್ನು ಅವಳ ಎಡಗಡೆಯಿಂದ ನಿಧಾನಕ್ಕೆ ತಂದರು. ಕೈ ಮೂಗಿನ ಹತ್ತಿರ ಬರುವವರೆಗೂ ಆಯಿ ಕಂಡಿತು ಎನ್ನಲಿಲ್ಲ. ಕಾಕಾ ಎದ್ದು ಅಪ್ಪನಿಗೆ ಹೇಳಿದರು, "ಟಿವಿ ಹಳೇದೂ ಚಲೋ ಇತ್ರಿ, ಹೊಸಾದೂ ಚಲೋ ಐತ್ರಿ. ನಾಳೆss ಇವರನ್ನ ಕಣ್ಣಿನ ಡಾಕ್ಟರ್ ಕಡೆ ಕರಕೊಂಡು ಹೋಗ್ರಿ. ನಮ್ಮ ಅಮ್ಮಾಗ ಹಿಂಗss ಆಗಿತ್ತು."

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಎಡಗಣ್ಣು ಮರಳುವುದಿಲ್ಲ, ಬಲಗಣ್ಣನ್ನು ಉಳಿಸಬಹುದು ಎಂದರು ವಿಜಾಪುರದ ಡಾಕ್ಟರು. ಎರಡು ತಿಂಗಳು ಮೊದಲು ಬಂದಿದ್ದರೆ ಎಂದು ಅಪ್ಪ ಕೇಳಿದ. ಹೇಳಲಾಗದು ಎಂದರು. ಶಿವು ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಒಳಗೆ ಬರಲಿಲ್ಲ.

ಒಂದು ವಾರದ ಮೇಲೆ, ಆಯಿಗೆ ಕಣ್ಣಿನ ಹನಿ ಹಾಕುವಾಗ, ಕವಡಿಯ ಸುಳ್ಳನ್ನು ಹೇಳಿಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

"ಗೊತ್ತಿತ್ತು ತಂಗಿ. ದಿನಾ ನಿನಗss ಎಂಟು ಹೆಂಗ ಬೀಳತಾವ? ನನಗ ದವಾಖಾನಿ ಅಂಜಿಕಿ ಇತ್ತು. ಅದಕ್ಕ ನಾನೂ ಟಿವಿ ಮ್ಯಾಲೆ ಹಾಕಿ ಕುಂತೆ."

ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ನಿಜವೋ, ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೆ ಇದನ್ನು ಆಯಿಯೂ ನಾನೂ ಎಂದೂ ಹೇಳಲಿಲ್ಲ.

ಆಯಿ ಆಮೇಲೆ ಒಂಬತ್ತು ವರ್ಷ ಒಂದೇ ಕಣ್ಣಲ್ಲಿ ಬಾಳಿದಳು. ಎಡಗಡೆಯಿಂದ ಬಂದವರು ಮಾತಾಡಿಸಿಯೇ ಬರಬೇಕು ಎಂಬುದು ಮನೆಯಲ್ಲಿ ರೂಢಿಯಾಯಿತು. ಈಗ ಆಯಿ ಇಲ್ಲ. ಊರಿಗೆ ಹೋದರೆ ಪಡಸಾಲೆಯಲ್ಲಿ ಆಗಿನದಕ್ಕಿಂತ ದೊಡ್ಡ ಟಿವಿ ಇದೆ, ಹಚ್ಚುವವರು ಕಡಿಮೆ. ಅಪ್ಪ ಒಂದು ಮೂಲೆಯಲ್ಲಿ, ಅವ್ವ ಇನ್ನೊಂದರಲ್ಲಿ, ಶಿವುವಿನ ಮಕ್ಕಳು ಕುಡುಗೋಲಿನಂತೆ ಬಾಗಿ ತಂತಮ್ಮ ಫೋನಿನಲ್ಲಿ. ಆಗ ಐದು ಜನ ಒಂದೇ ಗಾಜನ್ನು ನೋಡುತ್ತಿದ್ದೆವು. ಒಬ್ಬರಿಗೆ ಮಸುಕಾದರೆ ಉಳಿದ ನಾಲ್ವರ ಕಿವಿಗೆ ಬೀಳುತ್ತಿತ್ತು. ಬಿದ್ದೂ ನಾವು ಕೇಳಲಿಲ್ಲ, ಅದು ಬೇರೆ ಮಾತು. ಈಗ ಯಾರಿಗೆ ಏನು ಕಾಣುತ್ತಿಲ್ಲವೋ ಅದು ಮತ್ತೊಬ್ಬರಿಗೆ ತಿಳಿಯುವ ದಾರಿಯೇ ಇಲ್ಲ. ಹೋದಾಗಲೆಲ್ಲ ನಾನು ಅವ್ವನ ಎದುರು ಕೂತು, ಎರಡೂ ಕಡೆಯಿಂದ ಕೈ ತಂದು ನೋಡುತ್ತೇನೆ.